ತಪ್ಪನ್ನು ಎಲ್ಲಿ ಹೇಳಬೇಕು: ಎದುರಿಗೋ, ಮೇಲ್‌ನಲ್ಲೋ, ಸಭೆಯಲ್ಲೋ, ಅಪ್ರೈಸಲ್‌ನಲ್ಲೋ?

ಸಹೋದ್ಯೋಗಿಯ ಕೆಲಸದಲ್ಲಿ ಏನೋ ಸರಿಯಿಲ್ಲ ಅನ್ನಿಸಿದಾಗ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಪದಗಳ ಬಗ್ಗೆ. ಹೇಗೆ ಹೇಳಿದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ಎಲ್ಲಿಂದ ಶುರು ಮಾಡಲಿ, ಮೊದಲು ಸ್ವಲ್ಪ ಹೊಗಳಿಬಿಡಲೇ? ಆದರೆ ಅದೇ ಮಾತು ಇಬ್ಬರೇ ಕೂತಾಗ ಒಂದು ಥರ ಕೇಳಿಸುತ್ತದೆ, ಹತ್ತು ಜನರಿರುವ ಮೇಲ್‌ನಲ್ಲಿ ಇನ್ನೊಂದು ಥರ, ಮಾರ್ಚ್ ತಿಂಗಳ ಅಪ್ರೈಸಲ್ ಫಾರ್ಮಿನಲ್ಲಿ ಮತ್ತೊಂದೇ ಥರ. ಪದ ಆರಿಸುವ ಮೊದಲು ಜಾಗ ಆರಿಸಿಕೊಳ್ಳಿ ಎನ್ನುವುದು ನನ್ನ ವಾದ.

ಆರಿಸಲು ಎರಡು ಪ್ರಶ್ನೆ ಸಾಕು. ಕೇಳಿಸಿಕೊಂಡವರಿಗೆ ತಿದ್ದಿಕೊಳ್ಳಲು ಇನ್ನೂ ಸಮಯ ಇದೆಯೇ? ‘ಯಾವಾಗ ಆಯ್ತು ಇದು?’ ಎಂದು ಕೇಳಲು, ‘ಅದು ಹಾಗಲ್ಲ’ ಎಂದು ಹೇಳಲು ಅವರಿಗೆ ಅವಕಾಶ ಇದೆಯೇ? ಎರಡಕ್ಕೂ ಹೌದು ಎನ್ನುವ ದಾರಿ ಒಳ್ಳೆಯದು. ಎರಡಕ್ಕೂ ಇಲ್ಲ ಎನ್ನುವ ದಾರಿಯಲ್ಲಿ ಎಷ್ಟೇ ನಯವಾಗಿ ಹೇಳಿದರೂ ಅದು ತೀರ್ಪಾಗುತ್ತದೆಯೇ ಹೊರತು ಫೀಡ್‌ಬ್ಯಾಕ್ ಆಗುವುದಿಲ್ಲ.

ಇಷ್ಟು ಯೋಚಿಸುವ ಅಗತ್ಯವಿದೆಯೇ ಎಂದು ಕೇಳುವವರಿಗೆ ಒಂದು ಅಂಕಿ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಆಂಜೆಲೊ ಡಿನೀಸಿ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳ 607 ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ತೆಗೆದರೆ ಫೀಡ್‌ಬ್ಯಾಕ್‌ನಿಂದ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ, ಹೇಳಿದ ಮೇಲೆ ಕೆಲಸ ಇನ್ನಷ್ಟು ಕೆಟ್ಟಿತ್ತು. ಮಾತು ಕೆಲಸವನ್ನು ಬಿಟ್ಟು ಮನುಷ್ಯನ ಕಡೆಗೆ, ‘ನೀನು ಎಂಥವನು’ ಎಂಬ ಕಡೆಗೆ ತಿರುಗಿದಷ್ಟೂ ಪ್ರಯೋಜನ ಇಳಿಯುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಅವರ ಪ್ರಕಾರ ಹೊಗಳಿಕೆಗೂ ಈ ಅಪಾಯ ತಪ್ಪಿದ್ದಲ್ಲ.

ಇಬ್ಬರೇ ಕೂತು ಮಾತಾಡುವುದು

ಮೊದಲ ಆಯ್ಕೆ ಇದೇ ಆಗಿರಲಿ. ಮುಖ ಕಾಣುತ್ತದೆ, ದನಿ ಕೇಳುತ್ತದೆ, ತಪ್ಪು ತಿಳಿದುಕೊಂಡರೆ ಅಲ್ಲೇ ಸರಿಪಡಿಸಬಹುದು. ವಾರಕ್ಕೋ ಹದಿನೈದು ದಿನಕ್ಕೋ ಒಂದು ಒನ್ ಆನ್ ಒನ್ ಇಟ್ಟುಕೊಂಡಿರುವ ತಂಡಗಳಿಗೆ ಇದು ಸುಲಭ, ಏಕೆಂದರೆ ಆ ಅರ್ಧ ಗಂಟೆ ಹೇಗೂ ಇದೆ. ಇಟ್ಟುಕೊಳ್ಳದ ಕಡೆ ‘ಸ್ವಲ್ಪ ಬರ್ತೀರಾ, ಮಾತಾಡ್ಬೇಕು’ ಎಂಬ ಒಂದೇ ಸಂದೇಶಕ್ಕೆ ಎದುರಿನವರ ಎದೆ ಅರ್ಧ ಗಂಟೆ ಡವಡವ ಎನ್ನುತ್ತದೆ. ಹಾಗೆ ಕರೆಯಬೇಡಿ. ‘ನಿನ್ನೆಯ ಕ್ಲೈಂಟ್ ಕಾಲ್ ಬಗ್ಗೆ ಹತ್ತು ನಿಮಿಷ ಮಾತಾಡೋಣ’ ಎಂದು ವಿಷಯ ಸೇರಿಸಿ ಕರೆಯಿರಿ.

ಮಾತಿನ ಕಟ್ಟು ಹೇಗಿರಬೇಕು ಎಂಬುದಕ್ಕೆ ಎರಡು ರೂಢಿಗಳಿವೆ. ಒಂದು ಸ್ಯಾಂಡ್‌ವಿಚ್: ಹೊಗಳಿಕೆ, ತಪ್ಪು, ಮತ್ತೆ ಹೊಗಳಿಕೆ. ಎಲ್ಲ ಮ್ಯಾನೇಜರ್ ತರಬೇತಿಗಳಲ್ಲೂ ಇದನ್ನು ಕಲಿಸುತ್ತಾರೆ, ಎಲ್ಲ ನೌಕರರಿಗೂ ಇದು ಗೊತ್ತಿದೆ. ಹಾಗಾಗಿ ‘ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ’ ಎಂದ ಕೂಡಲೇ ಎದುರಿನವರು ‘ಆದ್ರೆ’ಗೆ ಕಾಯತೊಡಗುತ್ತಾರೆ. ಇನ್ನು ಕೆಲವರು ಎರಡು ಹೊಗಳಿಕೆ ಮಾತ್ರ ಕೇಳಿಸಿಕೊಂಡು ಖುಷಿಯಾಗಿ ಎದ್ದು ಹೋಗುತ್ತಾರೆ. ಎರಡೂ ರೀತಿಯಲ್ಲಿ ನಷ್ಟವೇ. ಹೊಗಳುವುದಿದ್ದರೆ ಬೇರೆ ದಿನ, ಅದಕ್ಕೇ ಎಂದು ಹೊಗಳಿ.

ಇನ್ನೊಂದು, ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಪ್ರಚಾರಕ್ಕೆ ತಂದ ಎಸ್‌ಬಿಐ (ಸಿಚುಯೇಶನ್, ಬಿಹೇವಿಯರ್, ಇಂಪ್ಯಾಕ್ಟ್) ವಿಧಾನ. ಬ್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ. ಯಾವ ಸಂದರ್ಭ, ನೀವು ಮಾಡಿದ್ದೇನು, ಅದರಿಂದ ಆದದ್ದೇನು, ಈ ಮೂರನ್ನು ಮಾತ್ರ ಹೇಳುವುದು. ‘ನಿಮಗೆ ಕೇಳಿಸಿಕೊಳ್ಳೋ ತಾಳ್ಮೆಯೇ ಇಲ್ಲ’ ಎನ್ನುವ ಬದಲು: ‘ನಿನ್ನೆ ಕಾಲ್‌ನಲ್ಲಿ ಅವರು ಡೆಲಿವರಿ ತಾರೀಖಿನ ಬಗ್ಗೆ ಕೇಳ್ತಿದ್ದಾಗ ಎರಡು ಸಲ ನಡುವೆ ಬಾಯಿ ಹಾಕಿದ್ರಿ. ಆಮೇಲೆ ಅವರು ಪ್ರಶ್ನೆ ಕೇಳೋದನ್ನೇ ನಿಲ್ಲಿಸಿಬಿಟ್ರು.’ ಮೊದಲನೆಯದಕ್ಕೆ ಜಗಳ ಬಿಟ್ಟರೆ ಬೇರೆ ಉತ್ತರವಿಲ್ಲ. ಎರಡನೆಯದಕ್ಕೆ ‘ಹೌದಾ? ಅವರ ಲೈನ್ ಕಟ್ ಆಗಿದೆ ಅಂದ್ಕೊಂಡಿದ್ದೆ’ ಎಂಬ ಉತ್ತರ ಬರಬಹುದು. ಬಂದರೆ ಕಾರಣ ಗೊತ್ತಾಯಿತು. ನನ್ನ ಮತ ಇದಕ್ಕೇ. ಒಂದು ಕೊರತೆ ಮಾತ್ರ ಇದೆ: ಮೂರೂ ಹೇಳಿ ಸುಮ್ಮನಾದರೆ ಆರೋಪಪಟ್ಟಿ ಓದಿದಂತಿರುತ್ತದೆ. ನಾಲ್ಕನೆಯದಾಗಿ ‘ನಿಮಗೆ ಹೇಗನ್ನಿಸ್ತು?’ ಎಂದು ಕೇಳಿ, ಉತ್ತರಕ್ಕೆ ನಿಜವಾಗಿಯೂ ಕಾಯಿರಿ.

ಭಾಷೆಯೂ ಇಲ್ಲಿ ಒಂದು ಆಯ್ಕೆಯೇ. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಇಬ್ಬರು ಕನ್ನಡಿಗರು ಊಟದ ಹೊತ್ತಿನಲ್ಲಿ ಕನ್ನಡದಲ್ಲಿ, ಮೀಟಿಂಗ್‌ನಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ದಿನವೂ ಕನ್ನಡ ಮಾತಾಡುವವರ ಜೊತೆ ಇದೊಂದು ವಿಷಯಕ್ಕೆ ಇಂಗ್ಲಿಷಿಗೆ ಜಾರಿದರೆ ಎದುರಿನವರಿಗೆ ಆಫೀಸಿನ ನೋಟಿಸ್ ಕೈಗೆ ಕೊಟ್ಟಂತಾಗುತ್ತದೆ. ಕನ್ನಡದಲ್ಲೇ ಹೇಳಿ. ಅಲ್ಲಿಯವರೆಗೆ ‘ನೀವು’ ಎನ್ನುತ್ತಿದ್ದರೆ ‘ನೀವು’ ಎಂದೇ ಹೇಳಿ. ಬಿಸಿಯಲ್ಲಿ ಬಾಯಿಗೆ ಬಂದ ಒಂದು ‘ನೀನು’ ಹೇಳಿದ ವಿಷಯವನ್ನೆಲ್ಲ ನುಂಗಿಹಾಕುತ್ತದೆ.

ಬರೆದು ಹೇಳುವುದು

ಎದುರಿಗೆ ಹೇಳಲು ಸಂಕೋಚವಿರುವವರೆಲ್ಲ ಮೇಲ್‌ಗೆ ಮೊರೆಹೋಗುತ್ತಾರೆ. ತಿದ್ದಿ ತಿದ್ದಿ ಬರೆಯಬಹುದು, ದಾಖಲೆ ಉಳಿಯುತ್ತದೆ ಎಂಬುದು ನಿಜ. ಆದರೆ ನಾವು ಬರೆದ ದನಿ ಓದುವವರ ಕಿವಿಗೆ ಹಾಗೇ ತಲಪುತ್ತದೆ ಎಂಬ ನಂಬಿಕೆ ಸುಳ್ಳು. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ತಾವು ವ್ಯಂಗ್ಯವಾಗಿ ಹೇಳಿದ್ದೋ ಗಂಭೀರವಾಗಿ ಹೇಳಿದ್ದೋ ಎಂಬುದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ ಎಂದು ಮೇಲ್ ಬರೆದವರು ನೆಚ್ಚಿಕೊಂಡಿದ್ದರು. ಓದಿದವರ ಊಹೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ಅದನ್ನೇ ದನಿಯಲ್ಲಿ ಕೇಳಿದವರು ಎಷ್ಟೋ ಚೆನ್ನಾಗಿ ಗುರುತಿಸಿದರು.

ಬರಹ ಗೆಲ್ಲುವ ಜಾಗ ಒಂದಿದೆ, ಕೆಲಸವೇ ಬರಹದ ರೂಪದಲ್ಲಿದ್ದಾಗ. ಸಾಫ್ಟ್‌ವೇರ್ ತಂಡಗಳಲ್ಲಿ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವ ಕೋಡ್ ರಿವ್ಯೂ ನೋಡಿ. ಕಾಮೆಂಟ್ ಬೀಳುವುದು ಒಂದು ನಿರ್ದಿಷ್ಟ ಸಾಲಿನ ಮೇಲೆ, ಬರೆದವರ ಮೇಲಲ್ಲ. ಕೋಡ್ ಇನ್ನೂ ಮರ್ಜ್ ಆಗಿಲ್ಲ, ಮುಖ್ಯ ಕೋಡಿಗೆ ಸೇರಿಲ್ಲ, ಅಂದರೆ ಸಮಯ ಇದೆ. ಕೆಳಗೇ ಉತ್ತರಿಸಬಹುದು, ಅಂದರೆ ಅವಕಾಶವೂ ಇದೆ. ಸಣ್ಣಪುಟ್ಟ ಸಲಹೆಗಳ ಮುಂದೆ ‘ನಿಟ್’ ಎಂದು ಸೇರಿಸಿ, ಇದು ಮಾಡಲೇಬೇಕಾದದ್ದಲ್ಲ ಎಂದು ತಿಳಿಸುವ ರೂಢಿಯನ್ನು ಬೇರೆ ಕೆಲಸದವರೂ ಕದಿಯಬಹುದು. ವರದಿ, ಅನುವಾದ, ವಿನ್ಯಾಸ, ಪಾಠದ ಯೋಜನೆ, ಇವಕ್ಕೆಲ್ಲ ಪುಟದ ಅಂಚಿನ ಟಿಪ್ಪಣಿಯೇ ಸರಿಯಾದ ದಾರಿ. ಆದರೆ ಒಂದೇ ಸಾಲಿನ ಕೆಳಗೆ ನಾಲ್ಕನೆಯ ಸಲ ಉತ್ತರ ಪ್ರತ್ಯುತ್ತರ ನಡೆದರೆ ಎದ್ದು ಹೋಗಿ ಮಾತಾಡಿ, ಇಲ್ಲವೇ ಫೋನ್ ಮಾಡಿ.

ಬರಹದ ದೊಡ್ಡ ಅಪಾಯ ಸಿಸಿ. ತಪ್ಪನ್ನು ತೋರಿಸುವ ಮೇಲ್‌ಗೆ ಆ ವ್ಯಕ್ತಿಯ ಮ್ಯಾನೇಜರ್‌ರನ್ನು ಸೇರಿಸಿದ ಕ್ಷಣ ಅದು ದೂರು. ದೂರು ಕೊಡಬೇಕಾದ ಸಂದರ್ಭಗಳೂ ಇವೆ. ಆಗ ದೂರೆಂದೇ ತಿಳಿದು ಕೊಡಿ. ‘ಮಾಹಿತಿಗಾಗಿ ಅಷ್ಟೇ’ ಎಂಬ ಮುಸುಕು ಯಾರನ್ನೂ ಮೋಸಗೊಳಿಸುವುದಿಲ್ಲ. ರಾತ್ರಿ ಹನ್ನೊಂದರ ವಾಟ್ಸ್‌ಆಪ್ ಸಂದೇಶದ ಬಗ್ಗೆ ಹೇಳುವುದೇ ಬೇಡ.

ಎಲ್ಲರೆದುರು

ವ್ಯಕ್ತಿಯ ತಪ್ಪಿಗೆ ಸಭೆ ಸಲ್ಲದು. ಕೆಲಸದ ಪದ್ಧತಿಯ ತಪ್ಪಿಗೆ ಸಭೆಯೇ ಸರಿ. ಅಮೆರಿಕದ ಸೇನೆ 1970ರ ದಶಕದಿಂದ ಬೆಳೆಸಿಕೊಂಡು ಬಂದ ‘ಆಫ್ಟರ್ ಆ್ಯಕ್ಷನ್ ರಿವ್ಯೂ’ ಇದಕ್ಕೆ ಒಳ್ಳೆಯ ಅಚ್ಚು: ಏನು ಆಗಬೇಕಿತ್ತು, ಏನಾಯಿತು, ಯಾಕೆ ವ್ಯತ್ಯಾಸವಾಯಿತು, ಮುಂದೆ ಏನು ಮಾಡೋಣ. ನಾಲ್ಕರಲ್ಲಿ ಎಲ್ಲೂ ‘ಯಾರು ಮಾಡಿದ್ದು’ ಎಂಬ ಪ್ರಶ್ನೆ ಇಲ್ಲ. ಸಾಫ್ಟ್‌ವೇರ್ ತಂಡಗಳ ರೆಟ್ರೊ, ಅಂದರೆ ಮುಗಿದ ಕೆಲಸವನ್ನು ತಂಡವೆಲ್ಲ ಕೂತು ಹಿಂತಿರುಗಿ ನೋಡುವ ಸಭೆ, ಇದರ ಹತ್ತಿರದ ಸಂಬಂಧಿ. ಅದು ನಡೆಯುವುದು ಹಿರಿಯರು ತಮ್ಮ ಎಡವಟ್ಟನ್ನು ಮೊದಲು ಹೇಳಿದಾಗ ಮಾತ್ರ. ಇಲ್ಲದಿದ್ದರೆ ಪ್ರತಿ ಎರಡು ವಾರಕ್ಕೊಮ್ಮೆ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಎಂಬ ಹಳದಿ ಚೀಟಿ ಗೋಡೆಗೆ ಅಂಟುತ್ತದೆ, ಅಷ್ಟೇ.

ಹೆಸರಿಲ್ಲದ ಸಮೀಕ್ಷೆ ಮತ್ತು ವರ್ಷಕ್ಕೊಮ್ಮೆಯ ಅಪ್ರೈಸಲ್

ನನ್ನ ಎರಡು ಪ್ರಶ್ನೆಗಳಲ್ಲಿ ಸೋಲುವ ದಾರಿಗಳು ಇವು. ಕಂಪನಿಗಳು ಹೆಚ್ಚು ಹಣ, ಹೆಚ್ಚು ಸಮಯ ಸುರಿಯುವುದೂ ಇವುಗಳ ಮೇಲೆಯೇ.

360 ಡಿಗ್ರಿ ಸಮೀಕ್ಷೆಯಲ್ಲಿ ಮೇಲಿನವರು, ಸಮಾನರು, ಕೈಕೆಳಗಿನವರು ಎಲ್ಲರೂ ಹೆಸರು ಹೇಳದೆ ಅಂಕ ಕೊಡುತ್ತಾರೆ. ಬಾಸ್‌ಗೆ ಹೆದರುವ ತಂಡಕ್ಕೆ ಬೇರೆ ಬಾಯಿ ಇಲ್ಲದಿದ್ದಾಗ ಇದು ಬೇಕು. ಆದರೆ ಐದೇ ಜನರ ತಂಡದಲ್ಲಿ ಹೆಸರಿಲ್ಲದಿರುವುದು ನಾಮಕಾವಸ್ತೆ. ವಾಕ್ಯದ ಧಾಟಿ ನೋಡಿಯೇ ಯಾರು ಬರೆದದ್ದೆಂದು ಗೊತ್ತಾಗುತ್ತದೆ. ಅಂಕಗಳ ಕಥೆ ಇನ್ನೂ ದುರ್ಬಲ. ಸ್ಟೀವನ್ ಸ್ಕಲನ್, ಮೈಕಲ್ ಮೌಂಟ್, ಮೇನಾರ್ಡ್ ಗಾಫ್ 2000ದಲ್ಲಿ ಸಾವಿರಾರು ಮ್ಯಾನೇಜರ್‌ಗಳಿಗೆ ಸಿಕ್ಕ ಅಂಕಗಳನ್ನು ವಿಶ್ಲೇಷಿಸಿದಾಗ, ಅಂಕಗಳಲ್ಲಿನ ವ್ಯತ್ಯಾಸದ ಅರ್ಧಕ್ಕಿಂತ ಹೆಚ್ಚು ಪಾಲು ಬಂದದ್ದು ಅಂಕ ಕೊಟ್ಟವರ ಸ್ವಂತ ಒಲವುಗಳಿಂದ ಎಂದು ಕಂಡಿತು. ನಿಮಗೆ 3.2 ಬಂದಿದ್ದರೆ ಅದರಲ್ಲಿ ನಿಮ್ಮ ಕೆಲಸಕ್ಕಿಂತ ಅವರ ಕೈಬಿಗಿ, ಕೈಸಡಿಲ ಹೆಚ್ಚು ಕಾಣುತ್ತದೆ ಎಂದಾಯಿತು. ಸಮೀಕ್ಷೆ ಮಾಡಲೇಬೇಕಿದ್ದರೆ ಅಂಕ ಬಿಟ್ಟು ಬರಹ ಕೇಳಿ, ಬಡ್ತಿ ಸಂಬಳಗಳಿಗೆ ಗಂಟು ಹಾಕಬೇಡಿ.

ಅಪ್ರೈಸಲ್‌ನಲ್ಲಿ ತಿದ್ದುವ ಮಾತು ಬೇಡ ಎನ್ನಲು ಕಾರಣ ಸರಳ. ಆ ಕೋಣೆಯಲ್ಲಿ ಕೂತವರ ಮನಸ್ಸಿನಲ್ಲಿರುವುದು ಏಪ್ರಿಲ್‌ನಿಂದ ಸಂಬಳ ಎಷ್ಟಾಗುತ್ತದೆ ಎಂಬ ಒಂದೇ ಲೆಕ್ಕ. ಕಳೆದ ಜುಲೈನಲ್ಲಿ ಡೆಮೊ ಕೆಟ್ಟದ್ದನ್ನು ಮಾರ್ಚ್‌ನಲ್ಲಿ ಎತ್ತಿದರೆ ‘ಆಗಲೇ ಯಾಕೆ ಹೇಳಲಿಲ್ಲ?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇಷ್ಟು ಪಾಲು ಜನರಿಗೆ ಇಂಥದ್ದೇ ದರ್ಜೆ ಎಂದು ಮೊದಲೇ ಗೊತ್ತುಮಾಡುವ ಬೆಲ್ ಕರ್ವ್ ಇದ್ದರಂತೂ ಕೊನೆಯ ಸ್ಥಾನ ಯಾರಿಗಾದರೂ ಕೊಡಲೇಬೇಕು, ಹಾಗಾಗಿ ಕಾರಣವನ್ನು ಆಮೇಲೆ ಹುಡುಕಲಾಗುತ್ತದೆ. ಅಡೋಬಿ 2012ರಲ್ಲಿ ವಾರ್ಷಿಕ ಮೌಲ್ಯಮಾಪನವನ್ನೇ ಕೈಬಿಟ್ಟು ವರ್ಷವಿಡೀ ಆಗಾಗ ಮಾತಾಡುವ ಪದ್ಧತಿಗೆ ಬಂತು. ಮೈಕ್ರೋಸಾಫ್ಟ್ 2013ರ ನವೆಂಬರ್‌ನಲ್ಲಿ ನೌಕರರನ್ನು ಸಾಲಾಗಿ ನಿಲ್ಲಿಸಿ ಶ್ರೇಣಿ ಕೊಡುವ ಕ್ರಮವನ್ನು ಬಿಟ್ಟಿತು. ನಿಮ್ಮ ಕಂಪನಿ ಬಿಡದಿದ್ದರೂ ನೀವು ಒಂದು ನಿಯಮ ಇಟ್ಟುಕೊಳ್ಳಬಹುದು: ವರ್ಷದೊಳಗೆ ಬಾಯಿಬಿಟ್ಟು ಹೇಳದ ಯಾವ ತಪ್ಪನ್ನೂ ಫಾರ್ಮಿನಲ್ಲಿ ಬರೆಯುವುದಿಲ್ಲ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಇದೇ ವಿಷಯ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಬಾರ್ಡರ್ ರೋಡ್ಸ್ ಎಂಜಿನಿಯರಿಂಗ್ ಸೇವೆಯ ದೇವ್ ದತ್ ಎಂಬ ಎಕ್ಸಿಕ್ಯುಟಿವ್ ಎಂಜಿನಿಯರ್‌ಗೆ ಬಡ್ತಿ ತಪ್ಪಿತು. ಕಾರಣ, ಒಂದು ವರ್ಷದ ಗೌಪ್ಯ ವರದಿಯಲ್ಲಿ ಬಡ್ತಿಗೆ ಬೇಕಿದ್ದ ‘ವೆರಿ ಗುಡ್’ ಬದಲು ‘ಗುಡ್’ ಎಂದು ಬರೆದಿತ್ತು. ಕೆಟ್ಟದ್ದೇನೂ ಬರೆದಿರಲಿಲ್ಲವಾದ್ದರಿಂದ ಅದನ್ನು ಅವರಿಗೆ ತಿಳಿಸಿಯೇ ಇರಲಿಲ್ಲ. ವರದಿಯ ಪ್ರತಿಯೊಂದು ದಾಖಲೆಯನ್ನೂ, ಒಳ್ಳೆಯದೋ ಕೆಟ್ಟದ್ದೋ, ನೌಕರನಿಗೆ ತಿಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರ ಮೇ ತಿಂಗಳಲ್ಲಿ ಹೇಳಿತು. ಮರುವರ್ಷ ಕೇಂದ್ರ ಸರ್ಕಾರ ಪೂರ್ತಿ ವರದಿಯನ್ನು ತೋರಿಸಬೇಕು, ಆಕ್ಷೇಪಕ್ಕೆ 15 ದಿನ ಕೊಡಬೇಕು ಎಂದು ಆದೇಶ ಹೊರಡಿಸಿತು. ತೋರಿಸದ ಅಭಿಪ್ರಾಯ, ಉತ್ತರಿಸಲಾಗದ ಅಭಿಪ್ರಾಯ ನ್ಯಾಯವಲ್ಲ ಎಂಬುದು ಕೋರ್ಟಿನ ಮಾತಿನ ತಿರುಳು. ಮ್ಯಾನೇಜರ್‌ಗಳು ಒಟ್ಟಿಗೆ ಕೂತು ಎಲ್ಲರ ದರ್ಜೆ ಹೊಂದಿಸುವ ಖಾಸಗಿ ಕಂಪನಿಗಳ ಕ್ಯಾಲಿಬ್ರೇಶನ್ ಮೀಟಿಂಗ್‌ಗಳಿಗೆ ಈ ಬೆಳಕು ಇನ್ನೂ ಹೊಕ್ಕಿಲ್ಲ.

ಇನ್ನೊಂದು ದಾರಿಯೂ ಇದೆ: ‘ಸಾರ್, ನೀವೇ ಅವರಿಗೆ ಒಂದು ಮಾತು ಹೇಳ್ಬಿಡಿ’ ಎಂದು ಮೂರನೆಯವರ ಕೈಯಲ್ಲಿ ಹೇಳಿಸುವುದು. ನಮ್ಮ ಆಫೀಸುಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಬಹುಶಃ ಇದೇ. ಬೇಡ. ಹೇಳಿದವರು ಯಾರೆಂದು ಸಂಜೆಯೊಳಗೆ ಗೊತ್ತಾಗುತ್ತದೆ. ಇದಕ್ಕೆ ಅಪವಾದ ಕಿರುಕುಳ, ಮೋಸ, ಬೆದರಿಕೆ. ಅವು ಫೀಡ್‌ಬ್ಯಾಕ್‌ನ ವಿಷಯಗಳೇ ಅಲ್ಲ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ‘ಮೊದಲು ನೀವೇ ಕೂತು ಮಾತಾಡಿಕೊಳ್ಳಿ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೇಲಿನವರಿಗೆ ಹೇಳುವುದು: ಸುತ್ತಿ ಬಳಸಿಯೋ, ನೇರವಾಗಿಯೋ

ಕೈಕೆಳಗಿನವರಿಗೆ ಹೇಳುವ ಕಲೆಯ ಬಗ್ಗೆ ಬೇಕಾದಷ್ಟು ತರಬೇತಿಗಳಿವೆ. ಬಾಸ್‌ಗೆ ಹೇಳುವುದನ್ನು ಪ್ರಾಣಭಯದಿಂದ ಕಲಿತದ್ದು ವಿಮಾನಯಾನ ಕ್ಷೇತ್ರ.

1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ ಒಂದು ವಿಮಾನ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಗಾಲಿಯ ತೊಂದರೆಯಿಂದ ಆಕಾಶದಲ್ಲೇ ಸುತ್ತುತ್ತಿತ್ತು. ಕ್ಯಾಪ್ಟನ್ ಗಾಲಿಯ ಚಿಂತೆಯಲ್ಲಿ ಮುಳುಗಿದ್ದರು, ಇಂಧನ ಮುಗಿಯುತ್ತಾ ಬಂತು. ಜೊತೆಗಿದ್ದ ಸಿಬ್ಬಂದಿ ಇಂಧನದ ಮಾತು ಎತ್ತಿದರು, ಆದರೆ ‘ಈಗಲೇ ಇಳಿಸದಿದ್ದರೆ ಬೀಳುತ್ತೇವೆ’ ಎಂದು ಯಾರೂ ಹೇಳಲಿಲ್ಲ. ವಿಮಾನ ಬಿದ್ದು ಹತ್ತು ಜನ ಸತ್ತರು. ಮರುವರ್ಷ ನಾಸಾ ನಡೆಸಿದ ಕಾರ್ಯಾಗಾರದಿಂದ ಹುಟ್ಟಿದ್ದು ಇಂದು ಪೈಲಟ್‌ಗಳೆಲ್ಲ ಕಲಿಯುವ ಸಿಆರ್‌ಎಂ (ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್) ತರಬೇತಿ. ಕಿರಿಯರು ಬಾಯಿಬಿಟ್ಟು ಹೇಳಬೇಕು, ಹಿರಿಯರು ಕಿವಿಗೊಡಬೇಕು ಎಂಬುದು ಅದರಲ್ಲಿನ ಮುಖ್ಯ ಪಾಠ.

ಪಾಠದ ಮೊದಲರ್ಧವನ್ನಷ್ಟೇ ಎಲ್ಲರೂ ಉದ್ಧರಿಸುತ್ತಾರೆ. ಎರಡನೆಯ ಅರ್ಧಕ್ಕೆ ಸಾಕ್ಷಿ ನಮ್ಮ ಮಂಗಳೂರು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ ಮೇಲಿನ) ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಬದುಕಿದವರು ಎಂಟು ಮಂದಿ. ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಇಳಿಸುವುದನ್ನು ಬಿಟ್ಟು ಮತ್ತೆ ಮೇಲೇರಿ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರು, ಯಂತ್ರದ ಎಚ್ಚರಿಕೆಗಳೂ ಮೊಳಗಿದ್ದವು, ಕ್ಯಾಪ್ಟನ್ ಇಳಿಸಿಯೇ ಬಿಟ್ಟರು ಎಂದು ತನಿಖಾ ನ್ಯಾಯಾಲಯದ ವರದಿ ಹೇಳುತ್ತದೆ. ಇಲ್ಲಿ ಕಿರಿಯರು ಸುತ್ತಿ ಬಳಸಲಿಲ್ಲ, ಹಿಂಜರಿಯಲಿಲ್ಲ. ಹೇಳುವವರಿಗೆ ಧೈರ್ಯ ಕಲಿಸಿದರೆ ಸಾಕು ಎಂದುಕೊಂಡ ಯಾವ ಸಂಸ್ಥೆಯೂ ಈ ವರದಿಯನ್ನು ಓದಿಲ್ಲ ಎಂದೇ ಅರ್ಥ.

ಆಫೀಸಿನಲ್ಲಿ ಜೀವ ಹೋಗುವುದಿಲ್ಲ, ಹಾಗಾಗಿ ಅಳೆದು ಆರಿಸಬಹುದು. ಬಾಸ್‌ನ ಅಭ್ಯಾಸದ ಬಗ್ಗೆ, ಉದಾಹರಣೆಗೆ ಪ್ರತಿ ಶುಕ್ರವಾರ ಸಂಜೆ ಹೊಸ ಕೆಲಸ ಹೇರುವುದರ ಬಗ್ಗೆ ಹೇಳಬೇಕಿದ್ದರೆ ಪ್ರಶ್ನೆಯ ರೂಪ ಸಾಕು: ‘ಮೇಡಂ, ಗುರುವಾರ ಮಧ್ಯಾಹ್ನವೇ ಒಂದು ಸಲ ಪಟ್ಟಿ ನೋಡ್ಕೊಳ್ಳೋಣವಾ? ಶುಕ್ರವಾರ ಬಂದಿದ್ದನ್ನ ಮುಗಿಸೋಕೆ ಟೆಸ್ಟಿಂಗ್ ಬಿಡಬೇಕಾಗ್ತಿದೆ.’ ತಪ್ಪಿನ ಬೆಲೆ ದೊಡ್ಡದಾಗಿ ಸಮಯ ಕಡಿಮೆಯಿದ್ದರೆ, ಅಂದರೆ ಇಂದು ರಾತ್ರಿ ಬಿಡುಗಡೆ, ನಾಳೆ ಟೆಂಡರ್ ಎಂಬಂಥ ಹೊತ್ತಿನಲ್ಲಿ, ಸಂಕೋಚ ಬದಿಗಿಡಿ. ‘ಸಾರ್, ಇದನ್ನ ಈಗ ಬಿಡಬಾರದು. ಪೇಮೆಂಟ್ ಎರಡು ಸಲ ಕಟ್ ಆಗ್ತಿದೆ.’ ಕೊನೆಗೆ ‘ನನಗನ್ನಿಸಿದ್ದು ಅಷ್ಟೇ’ ಎಂಬ ಬಾಲ ಸೇರಿಸಬೇಡಿ.

ಕೇಳಿಸಿಕೊಳ್ಳುವವರ ಆಯ್ಕೆಗಳು

ಕೇಳಿಸಿಕೊಳ್ಳುವ ಕಡೆ ಇರುವಾಗ ‘ಸರಿ ಸಾರ್’ ಎನ್ನುವುದು ಅತಿ ಸುಲಭ. ನಮ್ಮಲ್ಲಿ ಅದಕ್ಕೆ ‘ಒಪ್ಪಿದೆ’ಯಿಂದ ಹಿಡಿದು ‘ಸಾಕು ನಿಲ್ಲಿಸಿ’ಯವರೆಗೆ ಎಲ್ಲ ಅರ್ಥವೂ ಇದೆ. ಅಲ್ಲೇ ವಾದಕ್ಕಿಳಿಯುವುದು ಅದಕ್ಕಿಂತ ಕೆಟ್ಟದ್ದು. ನೀವು ಹೇಳುವುದು ನಿಜವಿದ್ದರೂ ‘ಹೇಳಿದ್ದನ್ನು ತಗೊಳ್ಳೋದಿಲ್ಲ’ ಎಂಬ ಹೆಸರು ಅಂಟುತ್ತದೆ. ಮೂರನೆಯದು ಸಮಯ ಕೇಳುವುದು: ‘ನಾನಿದನ್ನ ಹೀಗೆ ಯೋಚಿಸಿರಲಿಲ್ಲ. ಗುರುವಾರ ಮತ್ತೆ ಮಾತಾಡೋಣವೇ?’ ಬಿಸಿ ಆರುತ್ತದೆ, ಮಾತು ನಿಲ್ಲುವುದಿಲ್ಲ. ನಾನು ಒಬ್ಬರಿಗೆ ಸಲಹೆ ಕೊಡುವುದಾದರೆ ಇದನ್ನೇ ಕೊಡುತ್ತೇನೆ, ಆದರೆ ಗುರುವಾರ ನಿಜವಾಗಿಯೂ ಹೋಗಬೇಕು.

ಹೇಳುವವರು ಅಸ್ಪಷ್ಟವಾಗಿದ್ದರೆ ಬಿಡಿಸಿ ಕೇಳುವುದು ನಿಮ್ಮ ಕೆಲಸ. ‘ಇನ್ನೂ ಪ್ರೊಆ್ಯಕ್ಟಿವ್ ಆಗಿ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಈ ತಿಂಗಳಲ್ಲಿ ನಾನು ಎಲ್ಲಿ ಮುಂದೆ ಬರಬೇಕಿತ್ತು, ಒಂದು ಉದಾಹರಣೆ ಹೇಳ್ತೀರಾ?’ ಎಂದು ಕೇಳಿ. ಉದಾಹರಣೆ ಸಿಕ್ಕರೆ ಬರೆದುಕೊಳ್ಳಿ. ಸಿಗದಿದ್ದರೆ ಅದೂ ಒಂದು ಉತ್ತರ. ಒಬ್ಬರೇ ಹೇಳಿದ್ದನ್ನು ಅವರ ರುಚಿಯೆಂದು ಬದಿಗಿಡಬಹುದು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಅದನ್ನೇ ಹೇಳಿದರೆ ಬದಿಗಿಡಲಾಗದು.

ಕೈಗೆ ಪಿಐಪಿ, ಅಂದರೆ ಇಷ್ಟು ದಿನದೊಳಗೆ ಕೆಲಸ ಸುಧಾರಿಸಬೇಕು ಎಂಬ ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್, ಬಂದಿದ್ದರೆ ಆಟ ಬೇರೆ. ಅಲ್ಲಿ ‘ಫೀಡ್‌ಬ್ಯಾಕ್’ ಎಂಬ ಹೆಸರಿದ್ದರೂ ಎಷ್ಟೋ ಕಡೆ ತೀರ್ಮಾನ ಮೊದಲೇ ಆಗಿರುತ್ತದೆ. ಬಾಯಿಮಾತಿನ ಭರವಸೆಗಳನ್ನು ನಂಬದೆ, ಏನನ್ನು ಅಳೆಯುತ್ತಾರೆ, ಯಾರು ಅಳೆಯುತ್ತಾರೆ, ಯಾವ ತಾರೀಖಿಗೆ ಎಂಬ ಮೂರನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ. ವಾರಕ್ಕೊಮ್ಮೆ ಪ್ರಗತಿಯನ್ನು ನೀವೇ ಬರೆದು ಕಳಿಸಿ. ಎರಡು ಮೇಲ್‌ಗಳಿಗೂ ಉತ್ತರ ಬರಲಿಲ್ಲವೆಂದರೆ ಮೂರನೆಯದನ್ನು ಬರೆಯುವ ಸಮಯದಲ್ಲಿ ರೆಸ್ಯೂಮೆ ತಿದ್ದಿ, ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಲು ಶುರುಮಾಡಿ.